ಭಾವನ ನಾಲಗೆ ಉಪ್ಪನ್ನು ಮರೆತ ವರ್ಷ

ಸಾಂಬಾರಿಗೆ ಉಪ್ಪು ಹೆಚ್ಚಾದರೆ ನನಗೆ ಸಿಟ್ಟು ಬರುವುದಿಲ್ಲ. ಕೆಲವು ವರ್ಷಗಳ ಹಿಂದೆ ಅಕ್ಕನ ಮಗಳು ಸುಧಾ ತನ್ನ ಮಗಳ ಮದುವೆಗೆ ಸೀರೆ ಕೊಳ್ಳಲು ನನ್ನನ್ನು ಮದರಾಸಿನ ಟಿ. ನಗರಕ್ಕೆ ಕರೆದೊಯ್ದಿದ್ದಳು. ಅವಳ ಅಪ್ಪ, ಅಂದರೆ ನನ್ನ ಭಾವ, ದುಡಿದ ಹೋಟೆಲು ಇದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಬಟ್ಟೆ ಅಂಗಡಿ ನಿಂತಿದೆ. ಬಾಗಿಲಿನಿಂದ ಹೆಜ್ಜೆ ಎಣಿಸಿ ನೋಡಿದೆ. ಅಡಿಗೆಮನೆಯ ಒಲೆ ಇದ್ದಲ್ಲಿ ರವಿಕೆ ಬಟ್ಟೆ ಅಳೆಯುತ್ತಿದ್ದರು. ಆಮೇಲೆ ಎರಡು ಬೀದಿ ಆಚೆ ಒಂದು ಹೋಟೆಲಿನಲ್ಲಿ ಇಡ್ಲಿ ತಿನ್ನಲು ಕೂತೆವು. ಸಾಂಬಾರಿನಲ್ಲಿ ಉಪ್ಪು ಎಷ್ಟಿತ್ತೆಂದರೆ ಸುಧಾ ಒಂದೇ ಚಮಚಕ್ಕೆ ಬಟ್ಟಲನ್ನು ದೂರ ತಳ್ಳಿದಳು. ನಾನು ನನ್ನದನ್ನು ಮುಗಿಸಿ ಅವಳದನ್ನೂ ಎಳೆದುಕೊಂಡೆ.

"ಮಾಮಾ, ವೇಂಡಾಂ, ಬೇಡ! ನಿಮ್ಮ ಬಿ.ಪಿ. ಏನಾಗ್ಬೇಕು?" ಎಂದಳು. ಮತ್ತೆ ನನ್ನ ಮುಖ ನೋಡಿ, ಬಟ್ಟಲಿಗೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಆ ವರ್ಷ ಅವಳಿಗೆ ಒಂಬತ್ತು. ಅವಳಿಗೂ ನೆನಪಿದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ತಾಂಬರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಯೋಗಶಾಲೆಯ ಸಹಾಯಕ. ತೂಗುವುದು, ಕಲಸುವುದು, ಸೀಸೆಗೆ ಚೀಟಿ ಅಂಟಿಸುವುದು ನನ್ನ ಕೆಲಸ. ಟಿ. ನಗರದಲ್ಲಿ ಪದ್ದಕ್ಕನ ಮನೆಯಲ್ಲೇ ಇದ್ದೆ. ದಿನವೂ ಮಾಂಬಲದಿಂದ ಎಲೆಕ್ಟ್ರಿಕ್ ಟ್ರೈನು ಹಿಡಿಯುತ್ತಿದ್ದೆ. ವಾಸುದೇವ ಭಾವ ಮನೆಯಿಂದ ಮೂರು ಬೀದಿ ದೂರದ ಉಡುಪಿ ಹೋಟೆಲಿನಲ್ಲಿ ಅಡಿಗೆಮನೆಯ ಮೇಲ್ವಿಚಾರಕರು. ಅಲ್ಲಿ ಎಲ್ಲರಿಗೂ ಅವರು ವಾಸಣ್ಣ.

ಆ ಅಡಿಗೆಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ದೇವರಿಗೆ ನೈವೇದ್ಯ ಆಗುವ ಮೊದಲು ಯಾರೂ ಯಾವುದನ್ನೂ ರುಚಿ ನೋಡುವ ಹಾಗಿಲ್ಲ; ನೋಡಿದರೆ ಎಂಜಲು. ಮುಖ್ಯ ಅಡಿಗೆಯ ಅನಂತ ಭಟ್ಟರು ಮೂವತ್ತು ವರ್ಷ ಬರೀ ಕೈಯಳತೆಯಿಂದ, ಮೂಗಿನ ಅಂದಾಜಿನಿಂದ ಉಪ್ಪು ಹಾಕಿದವರು. ಸಾಂಬಾರು ಆದ ಮೇಲೆ ಒಂದು ಸೌಟು ಗೋಡೆಯ ಮೇಲಿನ ಕೃಷ್ಣನ ಪಟದ ಮುಂದೆ ಇಡುತ್ತಿದ್ದರು. ಅನಂತರ ಇನ್ನೊಂದು ಸೌಟು ಭಾವನ ಅಂಗೈಗೆ. ಭಾವ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು, ಅಂಗೈಯನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, "ಹೋಗಲಿ" ಎಂದರೆ ಸಾಂಬಾರಿನ ಬಕೆಟ್ಟು ಗಿರಾಕಿಗಳು ಕೂರುವ ಹಾಲಿಗೆ ಹೋಗುತ್ತಿತ್ತು. ವಾರಕ್ಕೆ ಎರಡು ಸಲವಾದರೂ "ನಿಲ್ಲಲಿ" ಎನ್ನುತ್ತಿದ್ದರು. ಆಗ ಭಟ್ಟರು ಸೌಟು ಹಿಡಿದು ಬಂದು ಜಗಳಾಡುತ್ತಿದ್ದರು. ಆ ಜಗಳ ಬೀದಿಗೆ ಕೇಳುತ್ತಿತ್ತು. ನಿತ್ಯದ ಗಿರಾಕಿಗಳು ಅದನ್ನು ಕೇಳಿಕೊಂಡೇ, ಇವತ್ತು ಸಾಂಬಾರು ತಡ, ಎಂದು ಪತ್ರಿಕೆ ಬಿಚ್ಚುತ್ತಿದ್ದರು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಭಾವನ ಎಡಗೆನ್ನೆಯ ಒಳಗೆ ಒಂದು ಹುಣ್ಣು ಕಾಣಿಸಿತು. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಒತ್ತಿಕೊಳ್ಳುತ್ತಿದ್ದ ಜಾಗ ಅದೇ. ಆಸ್ಪತ್ರೆಗೆ ಜೊತೆಯಲ್ಲಿ ಹೋದವನು ನಾನು. ಡಾಕ್ಟರು ಕಾಗದ ಓದಿ, ಕನ್ನಡಕ ತೆಗೆದು, ಕ್ಯಾನ್ಸರ್ ಎಂದರು. ನನಗೆ ಆ ಮೇಲೆ ನೆನಪಿರುವುದು ಛಾವಣಿಯ ಫ್ಯಾನು. ನಾನು ನೆಲದ ಮೇಲಿದ್ದೆ. ಭಾವ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಮ್ಮ ರಿಪೋರ್ಟಿನಿಂದಲೇ ಗಾಳಿ ಹಾಕುತ್ತಿದ್ದರು. ಓಡಿಬಂದ ನರ್ಸು ಇಬ್ಬರನ್ನೂ ನೋಡಿ, "ಇದುಲ ಪೇಷೆಂಟ್ ಯಾರು?" ಎಂದು ಕೇಳಿದಳು. "ನಾನ್‌ದಾಮ್ಮಾ, ಮೊದಲ್ಲ ಇವನಿಗೆ ಸೋಡಾ ಕುಡು" ಎಂದರು ಭಾವ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ. ಮನೆಗೆ ಬರುವ ದಾರಿಯುದ್ದಕ್ಕೂ ಅವರೇ ನನ್ನ ತೋಳು ಹಿಡಿದಿದ್ದರು.

ಮನೆಯಲ್ಲಿ ಆ ಹೆಸರನ್ನು ಯಾರೂ ಹೇಳಲಿಲ್ಲ. ಅಕ್ಕ ಕೊನೆಯವರೆಗೂ "ಹುಣ್ಣು" ಎಂದೇ ಅಂದಳು. ರೇಡಿಯಂ ಚಿಕಿತ್ಸೆ ಏಳು ವಾರ ನಡೆಯಿತು. ಆಗ ಭಾವನಿಗೆ ಮಾತಾಡಲಾಗುತ್ತಿರಲಿಲ್ಲ. ಸುಧಾಳ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು. ನೋಡಲು ಬರುವವರ ಸಾಲು ಮುಗಿಯುತ್ತಿರಲಿಲ್ಲ. ಕೀಲ್ಪಾಕಿನಿಂದ ನಮ್ಮ ದೂರದ ಸಂಬಂಧಿ ಶಾಮಣ್ಣ ಪ್ರತಿ ಶನಿವಾರ ತಪ್ಪದೆ ಬರುತ್ತಿದ್ದರು. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದು ಕನ್ನಡಕ್ಕೆ ತಮಿಳು ಬೆರೆಸಿಕೊಂಡವರು.

"ಭಯಪಡ್ಬೇಡಿ ವಾಸು. ನಮ್ಮ ಆಫೀಸಲ್ಲಿ ಸುಬ್ಬುರತ್ತಿನಂ ಅಂತ, ಅವನಿಗೂ ಅಚ್ಚು ಇದೇ ಥರ ವಂದಿತ್ತು, ಇದೇ ಕೆನ್ನೆ."

"ಈಗ ಹೇಗಿದ್ದಾರೆ?" ಎಂದು ಅಕ್ಕ ಕೇಳಿದಳು.

"ಈಗೆಲ್ಲಿ? ಅವನು ಹೋಗಿ ಆರು ವರ್ಷ ಆಯ್ತಲ್ಲ!"

ಭಾವ ಸ್ಲೇಟು ತೆಗೆದುಕೊಂಡು ಬರೆದರು. 'ಇವನಿಗೆ ಕಾಫಿ ಕೊಟ್ಟು ಬೇಗ ಕಳಿಸು.' ಶಾಮಣ್ಣ ಕುತೂಹಲದಿಂದ ಕತ್ತು ಚಾಚಿದರು. ಅಕ್ಕ ಸ್ಲೇಟನ್ನು ಸೆರಗಿನಿಂದ ಒರೆಸುತ್ತ, "ನಿಮ್ಮನ್ನು ಕಂಡು ಅರ್ಧ ಗುಣ ಆಯ್ತು ಅಂತೆ" ಎಂದಳು. ಅವರು ಅದರಿಂದ ಪ್ರೋತ್ಸಾಹಗೊಂಡು ಬುಧವಾರವೂ ಬರತೊಡಗಿದರು.

ಹುಣ್ಣು ಮಾಯಿತು. ಆದರೆ ಬಾಯಿ ಒಣಗಿತು, ರುಚಿ ಹೋಯಿತು. ರುಚಿ ಕೆಲವು ತಿಂಗಳಲ್ಲಿ ತಿರುಗಿ ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಅವರು ಅದನ್ನು ಸಣ್ಣ ಮಾತೆಂಬಂತೆ ಹೇಳಿದರು. ಅವರಿಗೆ ಭಾವನ ಕೆಲಸ ಏನೆಂದು ಗೊತ್ತಿರಲಿಲ್ಲ.

ಏಪ್ರಿಲ್ ನಡುವಿನಲ್ಲಿ ಭಾವ ಹೋಟೆಲಿಗೆ ಮರಳಿದರು. ಧಣಿಗಳು, ಅಂದರೆ ಹೋಟೆಲಿನ ಮಾಲಿಕರು, ಸ್ಟೂಲಿಗೆ ಹೊಸ ದಿಂಬು ಹೊಲಿಸಿದ್ದರು. ಭಟ್ಟರು ಅಂಗೈಗೆ ಸಾಂಬಾರು ಹಾಕಿದರು. ಭಾವ ಕಣ್ಣು ಮುಚ್ಚಿ, "ಹೋಗಲಿ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಸಂಜೆ ಪಾನಗಲ್ ಪಾರ್ಕಿನ ಕಲ್ಲುಬೆಂಚಿನ ಮೇಲೆ ಭಾವ ನನಗೆ ಹೇಳಿದರು:

"ಶೀನ, ಬಿಸಿ ಗೊತ್ತಾಯ್ತು. ಅಷ್ಟೇ."

"ಉಪ್ಪು?"

"ಉಪ್ಪೂ ಇಲ್ಲ, ಹುಳಿಯೂ ಇಲ್ಲ. ಬಿಸಿನೀರಲ್ಲಿ ಮಣ್ಣು ಕದಡಿದ ಹಾಗೆ ಉಂಟು." ಅಂಗೈಯನ್ನು ಪಂಚೆಗೆ ಒರೆಸಿಕೊಂಡರು. "ಯಾರಿಗೂ ಹೇಳ್ಬೇಡ. ರುಚಿ ಬಂದರೆ ನಾನು ಬಂದ ಹಾಗೆ. ಬಾರದಿದ್ದರೆ ಆ ಸ್ಟೂಲಿನ ಮೇಲೆ ದಿಂಬು ಮಾತ್ರ ಇದ್ದರೂ ಸಾಕು."

ನನಗೆ ಗೊತ್ತಿದ್ದ ವಿದ್ಯೆ ಒಂದೇ. ನಾಲ್ಕು ಹೊಸ ಸೀಸೆ ತಂದೆ. ತೂಗಿದ ಉಪ್ಪು ಒಂದರಲ್ಲಿ, ಸಕ್ಕರೆ ಇನ್ನೊಂದರಲ್ಲಿ, ಬೇವಿನೆಲೆಯ ರಸ ಮೂರನೆಯದರಲ್ಲಿ, ಈ ಮೂರನ್ನೂ ಭಟ್ಟಿ ಇಳಿಸಿದ ನೀರಿನಲ್ಲಿ ಕಲಸಿ ತಾಂಬರದಿಂದ ಹೊತ್ತು ತರುತ್ತಿದ್ದೆ. ನಾಲ್ಕನೆಯದು ಬರೀ ನೀರು. ಬರೀ ನೀರನ್ನು ಹನ್ನೆರಡು ಮೈಲಿಯಿಂದ ಹೊರುವುದೇಕೆ ಎಂದು ನಮ್ಮ ಹಿತ್ತಲ ಬಾವಿಯಿಂದಲೇ ತುಂಬುತ್ತಿದ್ದೆ. ಮನೆಯವರೆಲ್ಲ ಕುಡಿಯುತ್ತಿದ್ದುದು ಅದನ್ನೇ. ಪ್ರತಿ ಭಾನುವಾರ ಬೆಳಿಗ್ಗೆ ಪರೀಕ್ಷೆ. ಭಾವ ನನ್ನ ಮುಖ ನೋಡಿ ಊಹಿಸುತ್ತಾರೆಂದು ತಿಳಿದ ಮೇಲೆ ನಾನು ತಲೆಯ ಮೇಲೆ ಟವೆಲು ಹಾಕಿಕೊಂಡು ಕೂರುತ್ತಿದ್ದೆ.

ಎರಡನೆಯ ಭಾನುವಾರವೇ ಅಕ್ಕನ ಕೈಗೆ ಸಿಕ್ಕಿಬಿದ್ದೆವು.

"ಈ ಸೀಸೆಯಲ್ಲಿ ಮೊದಲು ಎಂತ ಇತ್ತು?"

"ಹೊಸದು ಅಕ್ಕ."

"ಹೊಸದು ಅಂತ ಸೀಸೆ ಹೇಳಿತಾ? ನಿನ್ನ ಕಾಲೇಜಲ್ಲಿ ಬಟ್ಟೆ ತೂತು ಮಾಡುವ ನೀರುಂಟು. ಇವರ ಬಾಯಿ ಈಗಷ್ಟೇ ಮಾಯ್ದದ್ದು. ಮೊದಲು ನೀನು ಕುಡಿ."

ಅಂದಿನಿಂದ ಪ್ರತಿ ಭಾನುವಾರ ಬೇವಿನ ರಸವನ್ನು ಮೊದಲು ನಾನು ಕುಡಿಯಬೇಕಾಯಿತು. ಭಾವನಿಗೆ ಕಹಿ ಗೊತ್ತಾಗುತ್ತಿರಲಿಲ್ಲ. ನನಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಅವರು ನಾಲ್ಕೂ ಸೀಸೆಗೆ ಒಂದೇ ಉತ್ತರ ಕೊಡುತ್ತಿದ್ದರು: "ನೀರು." ಹಾಗಾಗಿ ನನ್ನ ನೋಟುಬುಕ್ಕಿನಲ್ಲಿ ವಾರ ವಾರವೂ ನಾಲ್ಕರಲ್ಲಿ ಒಂದು ಸರಿ ಎಂದು ಬರೆಯುತ್ತ ಹೋದೆ. "ಒಂದಾದರೂ ತಪ್ಪದೆ ಬರ್ತಾ ಉಂಟಲ್ಲ" ಎನ್ನುತ್ತಿದ್ದರು ಭಾವ.

ತಮಿಳರು 'ಕತ್ತರಿ' ಎನ್ನುವ ಮೇ ತಿಂಗಳ ಉರಿಬಿಸಿಲು ಬಂತು. ಟಾರು ಚಪ್ಪಲಿಗೆ ಅಂಟುತ್ತಿತ್ತು. ಮಧ್ಯಾಹ್ನ ಕಡಲ ಗಾಳಿ ಬೀಸುವವರೆಗೆ ಮದರಾಸಿನಲ್ಲಿ ಎಲ್ಲರ ಬಾಯಿಯೂ ಒಣಗುತ್ತಿತ್ತು. ಭಾವ, "ಈಗ ನನಗೂ ನಿಮಗೂ ವ್ಯತ್ಯಾಸವಿಲ್ಲ" ಎಂದು ನಗುತ್ತಿದ್ದರು. ಅಕ್ಕ ಅವರಿಗೆ ನೀರುಮಜ್ಜಿಗೆಯ ಫ್ಲಾಸ್ಕು ಕಳಿಸುತ್ತಿದ್ದಳು. ನಾನು ಸ್ಟೇಷನ್ನಿಗೆ ಹೋಗುವಾಗ ಅದನ್ನು ಹೋಟೆಲಿನ ಹಿಂಬಾಗಿಲಲ್ಲಿ ಇಟ್ಟು ಹೋಗುತ್ತಿದ್ದೆ.

ಅಷ್ಟರಲ್ಲಿ ಒಂದು ವಿಷಯ ನನ್ನನ್ನು ಕಾಡತೊಡಗಿತ್ತು. ಭಾವ ದಿನವೂ "ಹೋಗಲಿ" ಎನ್ನುತ್ತಿದ್ದರು, ಸಾಂಬಾರು ದಿನವೂ ಸರಿಯಾಗಿರುತ್ತಿತ್ತು. ವಾರಕ್ಕೆ ಎರಡು ಸಲ ತಪ್ಪುತ್ತಿದ್ದ ಭಟ್ಟರ ಕೈ ಒಂದು ಸಲವೂ ತಪ್ಪುತ್ತಿರಲಿಲ್ಲ. ಹಾಗೆ ಆಗುವುದಿಲ್ಲ. ತೂಗದೆ ಹಾಕಿದ ಯಾವುದೂ ದಿನವೂ ಒಂದೇ ಸಮ ಬರುವುದಿಲ್ಲ.

ಒಂದು ಬೆಳಿಗ್ಗೆ ಬೇಗ ಹೋದೆ. ಭಾವ ಇನ್ನೂ ಬಂದಿರಲಿಲ್ಲ. ಹಿಂದಿನ ಕಿಟಕಿಯಿಂದ ಕಂಡದ್ದನ್ನು ಕಂಡಂತೆಯೇ ಬರೆಯುತ್ತೇನೆ. ಅನಂತ ಭಟ್ಟರು ಹಂಡೆಯ ಮುಂದೆ ನಿಂತಿದ್ದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಹೆಗಲ ಮೇಲಿನ ಅಂಗವಸ್ತ್ರ ತೆಗೆದು ಕೃಷ್ಣನ ಪಟದ ಮೇಲೆ ಮುಖ ಮುಚ್ಚುವ ಹಾಗೆ ಹೊದಿಸಿದರು. ಸೌಟಿನಿಂದ ಅಂಗೈಗೆ ಸಾಂಬಾರು ಸುರಿದುಕೊಂಡು ನೆಕ್ಕಿದರು. ಯೋಚಿಸಿದರು. ಒಂದು ಚಿಟಿಕೆ ಉಪ್ಪು ಹಾಕಿದರು. ಇನ್ನೊಮ್ಮೆ ನೆಕ್ಕಿದರು. ಕೈ ತೊಳೆದು, ಬಾಯಿ ಮುಕ್ಕಳಿಸಿ, ಪಟದ ಬಟ್ಟೆ ತೆಗೆದು, ಏನೂ ಆಗದವರಂತೆ ನೈವೇದ್ಯ ಇಟ್ಟರು.

ನಾನು ಫ್ಲಾಸ್ಕನ್ನು ಎದೆಗೆ ಅವಚಿಕೊಂಡು ಗೋಡೆಗೆ ಒರಗಿದೆ. ಊರಿನಲ್ಲಿ ಬಾವಿಯಿಂದ ನೀರು ಸೇದುವಾಗ ಯಾರಾದರೂ ನೆರಳು ಸೋಕಿಸಿದರೆ ಮತ್ತೆ ಸ್ನಾನ ಮಾಡುತ್ತಿದ್ದ ಮನುಷ್ಯ ಅವರು. ಅವರು ನನ್ನನ್ನು ಕಂಡರು.

"ಕಂಡೆಯಾ?"

"ಕಂಡೆ."

"ಮೊದಲ ದಿನ ಉಪ್ಪು ಹಾಕಲಿಕ್ಕೇ ಮರೆತಿದ್ದೆ ಮಾರಾಯ. ವಾಸು ಕಣ್ಣು ಮುಚ್ಚಿ 'ಹೋಗಲಿ' ಅಂದ. ಆಗಲೇ ಗೊತ್ತಾಯ್ತು. ಬಕೆಟ್ಟಿಗೆ ನಾನೇ ಗುಟ್ಟಾಗಿ ಉಪ್ಪು ಬೆರೆಸಿ ಕಳಿಸಿದೆ." ದನಿ ತಗ್ಗಿಸಿದರು. "ಅವನಿಗೆ ಹೇಳಿದರೆ ನಿನ್ನ ಕಾಲು ಮುರಿತೇನೆ."

ಹೀಗೆ ನನ್ನಲ್ಲಿ ಎರಡು ಗುಟ್ಟುಗಳು ಸೇರಿದವು. ಭಾವನಿಗೆ ರುಚಿಯಿಲ್ಲವೆಂದು ಹೋಟೆಲಿಗೆ ಹೇಳಬಾರದು. ಹೋಟೆಲಿಗೆ ಅದು ಗೊತ್ತಿದೆಯೆಂದು ಭಾವನಿಗೆ ಹೇಳಬಾರದು. ಭಾನುವಾರ ಟವೆಲು ಹಾಕಿಕೊಳ್ಳುವುದು ಸುಲಭವಾಯಿತು.

ಆದರೆ ಏಕಾದಶಿ ಬಂದಾಗ ಹೆದರಿದೆ. ಅಂದು ಭಟ್ಟರು ನೀರನ್ನೂ ಮುಟ್ಟುವವರಲ್ಲ. ರುಚಿ ಯಾರು ನೋಡುತ್ತಾರೆ? ವಿಚಿತ್ರವೆಂದರೆ ಏಕಾದಶಿಗಳಂದೂ ಸಾಂಬಾರು ಸರಿಯಾಗಿಯೇ ಇತ್ತು. ಭಟ್ಟರು ಧಣಿಗಳನ್ನು ಒಪ್ಪಿಸಿ, ಆ ದಿನಗಳಂದು ಅವರ ಕೈಯಲ್ಲಿ ರುಚಿ ನೋಡಿಸುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು. ಧಣಿಗಳು ಸಾಮಾನ್ಯ ಏಕಾದಶಿಗೆ ಉಪವಾಸ ಮಾಡುತ್ತಿರಲಿಲ್ಲ. ವರ್ಷಕ್ಕೆ ಒಂದೇ ಸಲ, ಆಷಾಢದ ಪ್ರಥಮ ಏಕಾದಶಿಯಂದು, ಅವರೂ ನಿರ್ಜಲ.

ಆ ಪ್ರಥಮ ಏಕಾದಶಿ ಜುಲೈ ತಿಂಗಳಲ್ಲಿ ಬಂತು. ಹಿಂದಿನ ಸಂಜೆ ಗುಡುಗಿ ಒಂದು ಮಳೆ ಬಿದ್ದಿತ್ತು. ಬೆಳಿಗ್ಗೆ ಬೀದಿ ತಣ್ಣಗಿತ್ತು. ನನಗೇಕೋ ತಡೆಯಲಾಗಲಿಲ್ಲ, ಟ್ರೈನು ಬಿಟ್ಟು ಹೋಟೆಲಿನ ಹಿಂಬಾಗಿಲಲ್ಲಿ ನಿಂತೆ. ಏಕಾದಶಿಯಂದು ದೇವರಿಗೂ ಹಾಲು ಹಣ್ಣೇ, ಸಾಂಬಾರಿನ ನೈವೇದ್ಯವಿಲ್ಲ. ಅಂದರೆ ಆ ಹಂಡೆಯ ರುಚಿ ಭಟ್ಟರಿಗೂ ಗೊತ್ತಿರಲಿಲ್ಲ, ಧಣಿಗಳಿಗೂ ಗೊತ್ತಿರಲಿಲ್ಲ, ದೇವರಿಗೂ ಗೊತ್ತಿರಲಿಲ್ಲ. ಭಟ್ಟರು ಕೈಯಳತೆಯಲ್ಲಿ ಉಪ್ಪು ಹಾಕಿ ಒಲೆಗೆ ಸೌದೆ ತರಲು ಹೋದರು. ಆಗ ಧಣಿಗಳು ಒಳಗೆ ಬಂದರು. ಉಪವಾಸದ ಭಟ್ಟರು ಎಲ್ಲಿ ಮರೆತಿದ್ದಾರೋ ಎಂದು ಯೋಚಿಸಿ, ಮರಿಗೆಯಿಂದ ಒಂದು ಹಿಡಿ ಉಪ್ಪು ಹಾಕಿ ಹೋದರು. ಭಟ್ಟರು ಸೌದೆ ತಂದರು. ಹಾಕಿದ್ದೆನೋ ಇಲ್ಲವೋ ಎಂದು ಅವರಿಗೇ ಅನುಮಾನ ಬಂತು. ಇನ್ನೊಂದು ಹಿಡಿ ಹಾಕಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಭಾವ ಬಂದು ಸ್ಟೂಲಿನ ಮೇಲೆ ಕೂತರು. ಅವರಿಗೆ ಉಪವಾಸವಿಲ್ಲ ಎಂದು ಅಕ್ಕ ಅದಾಗಲೇ ತೀರ್ಪು ಕೊಟ್ಟಿದ್ದಳು.

ಅಂಗೈಗೆ ಸಾಂಬಾರು ಬಿತ್ತು. ಭಾವ ಕಣ್ಣು ಮುಚ್ಚಿದರು.

ಕಣ್ಣು ತೆರೆದರು.

"ಇನ್ನೊಂದು ಹಾಕಿ" ಎಂದರು. ಹಾಕಿದರು. ಅದನ್ನೂ ನೆಕ್ಕಿ ಎದ್ದು ನಿಂತರು. "ಭಟ್ರೇ! ಉಪ್ಪು! ಇದೆಂತ ಸಾಂಬಾರಾ, ಮಲ್ಪೆ ಸಮುದ್ರವಾ?"

ಭಟ್ಟರು ಸೌಟು ಕೆಳಗೆ ಹಾಕಿದರು. ಧಣಿಗಳು ಓಡಿಬಂದರು. ಭಟ್ಟರು ನೆಲದ ಮೇಲೆ ಕೂತು, "ಗೊತ್ತಾಯ್ತಾ ವಾಸು? ನಿಜ ಗೊತ್ತಾಯ್ತಾ?" ಎಂದು ಅಳತೊಡಗಿದರು. ಈ ಗದ್ದಲದಲ್ಲಿ ಬಡಿಸುವ ಸಪ್ಲಯರ್ ಹುಡುಗ, ವಾಸಣ್ಣ ಏನೋ ಕೂಗಿದರು, ಹೋಗಲಿ ಎಂದಿರಬೇಕು ಎಂದುಕೊಂಡು ಬಕೆಟ್ಟನ್ನು ಹಾಲಿಗೆ ಒಯ್ದಿದ್ದ. ಸ್ವಲ್ಪ ಹೊತ್ತಿನಲ್ಲಿ ದಿನವೂ ಮೊದಲ ಮೇಜಿಗೆ ಕೂರುವ ನಿವೃತ್ತ ತಹಸೀಲ್ದಾರರ ಗರ್ಜನೆ ಕೇಳಿಸಿತು: "ಎನ್ನಯ್ಯಾ ಇದು? ಸಾಂಬಾರಾ, ಉಪ್ಪಾ?"

ಭಾವ ಹಾಲಿಗೆ ಓಡಿ, ಹೌದು ಹೌದು ಎಂದು ತಲೆಯಾಡಿಸುತ್ತ ಅವರ ಎರಡೂ ಕೈ ಹಿಡಿದುಕೊಂಡರು. "ಆಮಾ ಸಾರ್! ಉಪ್ಪು! ಉಪ್ಪುದಾನ್ ಸಾರ್!"

ತಹಸೀಲ್ದಾರರು ಏನೂ ತಿಳಿಯದೆ, ಕಣ್ಣಲ್ಲಿ ನೀರು ತುಂಬಿದ ಈ ಮನುಷ್ಯನಿಗೆ "ಪರವಾಯಿಲ್ಲೆ, ಪರವಾಯಿಲ್ಲೆ" ಎಂದು ಬೆನ್ನು ತಟ್ಟಿ, ಆ ಸಾಂಬಾರಿನಲ್ಲೇ ಇಡ್ಲಿ ಮುಗಿಸಿದರು.

ಸಂಭ್ರಮ ಅರ್ಧ ಗಂಟೆ ಉಳಿಯಿತು. ಅಷ್ಟರಲ್ಲಿ ಭಟ್ಟರು ಎಲ್ಲವನ್ನೂ ಹೇಳಿಬಿಟ್ಟಿದ್ದರು: ಪಟಕ್ಕೆ ಬಟ್ಟೆ, ಎಂಜಲು ನೈವೇದ್ಯ, ಧಣಿಗಳ ಪಾಲು. ನನ್ನನ್ನು ಕರೆದು, "ನೀನು ಬರೆದಿಡುವವ. ಎಷ್ಟು ದಿನ ಆಯ್ತು ಹೇಳು, ಅಷ್ಟು ಸಾಷ್ಟಾಂಗ ಹಾಕ್ಲಿಕ್ಕುಂಟು" ಎಂದರು. ಏಕಾದಶಿಗಳನ್ನು ಕಳೆದು ಎಂಬತ್ತೈದು ಎಂದೆ. "ಮುಖ ಮುಚ್ಚಿದ್ದಕ್ಕೆ ಬೇರೆ ಹಾಕ್ಬೇಕಾ?" ಎಂದು ಅವರು ಚಿಂತೆಗೆ ಬಿದ್ದರು.

ಭಾವ ನಗಲಿಲ್ಲ. "ಮೂರು ತಿಂಗಳು ನಾನು ಎಂತಕ್ಕೆ ಕೂತದ್ದು ಹಾಗಾದ್ರೆ?" ಎಂದು ಕೇಳಿ ಎದ್ದರು. ಬಾಗಿಲಲ್ಲಿ ನನಗೆ ಹೇಳಿದರು: "ಇಷ್ಟು ಉಪ್ಪು ಗೋಡೆಗೂ ಗೊತ್ತಾಗ್ತದೆ. ಭಾನುವಾರ ಸೀಸೆ ತಾ. ನಾಲ್ಕಕ್ಕೆ ನಾಲ್ಕು ಬಂದರೆ ಆ ಸ್ಟೂಲು. ಇಲ್ಲದಿದ್ದರೆ ಇಲ್ಲ."

ಭಾನುವಾರದವರೆಗೆ ಅವರು ಹೋಟೆಲಿಗೆ ಹೋಗಲಿಲ್ಲ. ಅಕ್ಕ ಯಾರನ್ನೂ ಮನೆಯೊಳಗೆ ಬಿಡಲಿಲ್ಲ, ಶಾಮಣ್ಣನನ್ನೂ.

ಭಾನುವಾರ ನಾನು ಟವೆಲು ಹಾಕಿಕೊಂಡೆ. ಅಕ್ಕನೂ ಸುಧಾಳೂ ಬಾಗಿಲಲ್ಲಿ ನಿಂತರು. ಮೊದಲ ಸೀಸೆ: "ಸಕ್ಕರೆ." ಸರಿ. ಎರಡನೆಯದು: "ಥೂ, ಬೇವು!" ಸುಧಾ ಕುಣಿದಳು. ಮೂರನೆಯದು: "ಉಪ್ಪು." ಸರಿ. ನಾಲ್ಕನೆಯದನ್ನು ಅವರು ತುಂಬ ಹೊತ್ತು ಬಾಯಲ್ಲಿಟ್ಟುಕೊಂಡರು.

"ಇದೂ ಉಪ್ಪು. ಸ್ವಲ್ಪವೇ."

ನಾನು ಟವೆಲು ಸರಿಸಿ ಸೀಸೆಯ ಚೀಟಿಯನ್ನು ಮತ್ತೊಮ್ಮೆ ಓದಿದೆ. ಮೂರು ತಿಂಗಳು ಒಂದು ವಾರವೂ ತಪ್ಪದೆ ಸರಿ ಹೇಳಿದ್ದ ಸೀಸೆ ಅದೊಂದೇ.

"ಭಾವ, ಅದು ನೀರು."

"ಅಲ್ಲ. ಉಪ್ಪುಂಟು."

"ಸುಮ್ಮನೆ ಹೌದು ಅನ್ನೋ" ಎಂದಳು ಅಕ್ಕ. ನನಗೆ ಸುಳ್ಳು ಬರೆಯಲು ಬರುವುದಿಲ್ಲ. ನಾಲ್ಕರಲ್ಲಿ ಮೂರು ಎಂದು ಬರೆದೆ. ಅಕ್ಕ ಅಂದು ನನಗೆ ಬಡಿಸಲಿಲ್ಲ. ತಟ್ಟೆಯನ್ನು ಇಟ್ಟು ಹೋದಳು.

ಸೋಮವಾರ ಸೀಸೆಗಳನ್ನು ತೊಳೆಯಲು ಪ್ರಯೋಗಶಾಲೆಗೆ ಒಯ್ದೆ. ನಾಲ್ಕನೆಯದರಲ್ಲಿ ಸ್ವಲ್ಪ ನೀರು ಉಳಿದಿತ್ತು. ನೀರಿನಲ್ಲಿ ಉಪ್ಪಿದೆಯೇ ಎಂದು ನೋಡಲು ಸಿಲ್ವರ್ ನೈಟ್ರೇಟು ಎರಡು ಹನಿ ಸಾಕು. ಇಲ್ಲದಿದ್ದರೆ ನೀರು ತಿಳಿಯಾಗಿಯೇ ಇರುತ್ತದೆ. ಏನೂ ಆಗದೆಂಬ ನಂಬಿಕೆಯಿಂದಲೇ ಎರಡು ಹನಿ ಬಿಟ್ಟೆ. ಗಾಜಿನ ನಳಿಗೆಯಲ್ಲಿ ನೀರು ಹಾಲಿನಷ್ಟು ಬೆಳ್ಳಗಾಯಿತು.

ಬೇಸಗೆಯಲ್ಲಿ ನೀರು ತಗ್ಗಿದ ನಮ್ಮ ಬಾವಿಗೆ ಸ್ವಲ್ಪ ಸ್ವಲ್ಪವಾಗಿ ಉಪ್ಪು ಬಂದಿತ್ತು. ದಿನವೂ ಅದನ್ನೇ ಕುಡಿಯುತ್ತಿದ್ದ ನಮಗೆ ಯಾರಿಗೂ ತಿಳಿದಿರಲಿಲ್ಲ. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಈ ಸಲ ಬೀಳಲಿಲ್ಲ.

ನಳಿಗೆಗೆ ಬಿರಡೆ ಹಾಕಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಕೈಯಿಂದ ಮುಚ್ಚಿ ಹಿಡಿದು, ಮಾಂಬಲದಿಂದ ಮನೆಗೆ ಓಡಿದೆ. ಭಾವ ಜಗುಲಿಯಲ್ಲಿ ಕೂತಿದ್ದರು. ನಳಿಗೆಯನ್ನು ಅವರ ಕಣ್ಣ ಮುಂದೆ ಹಿಡಿದು ವಿವರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಅಂದರೆ ನಾಲ್ಕಕ್ಕೆ ನಾಲ್ಕು?"

"ನಾಲ್ಕಕ್ಕೆ ನಾಲ್ಕು. ತಪ್ಪಿದ್ದು ನಾನು."

ಭಾವ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು. ಮೂರು ಬೀದಿಗಳನ್ನು ನಾವು ಬೇಗ ಬೇಗ ನಡೆದೆವು. ಹೋಟೆಲಿನಲ್ಲಿ ಸಂಜೆಯ ಸಾಂಬಾರು ಇಳಿಸುವ ಹೊತ್ತು. ಭಾವ ನೇರ ಹೋಗಿ ಸ್ಟೂಲಿನ ಮೇಲೆ ಕೂತು ಅಂಗೈ ಚಾಚಿದರು. ಭಟ್ಟರು ನೈವೇದ್ಯ ಮುಗಿಸಿ ಬಂದು ಒಂದು ಸೌಟು ಹಾಕಿದರು. ಅವರು ಮತ್ತೆ ರುಚಿ ನೋಡುವುದನ್ನು ಬಿಟ್ಟಿದ್ದರು. ಪಟದ ಮೇಲೆ ಬಟ್ಟೆ ಇರಲಿಲ್ಲ. ಧಣಿಗಳು ಬಾಗಿಲ ಪಟ್ಟಿ ಹಿಡಿದು ನಿಂತರು.

ಭಾವ ಕಣ್ಣು ಮುಚ್ಚಿದರು.

"ನಿಲ್ಲಲಿ" ಎಂದರು. "ಉಪ್ಪು ಕಡಿಮೆ. ಅರ್ಧ ಚಿಟಿಕೆ."

ಭಟ್ಟರ ಮುಖ ಕೆಂಪಾಯಿತು. ಸೌಟು ಮೇಲೆ ಹೋಯಿತು.

"ಅರ್ಧ ಚಿಟಿಕೆಯಾ? ಮೂವತ್ತು ವರ್ಷ ಹಾಕಿದ ಕೈ ಇದು! ಮೊದಲು ನಿನ್ನ ನಾಲಗೆ ತೊಳ್ಕೊಂಡು ಬಾ ಮಾರಾಯ!"

"ನನ್ನ ನಾಲಗೆ ಸರಕಾರಿ ಪರೀಕ್ಷೆ ಪಾಸಾಗಿ ಬಂದದ್ದು. ನಿಮ್ಮ ಕೈ ತೋರಿಸಿ ಕಾಣುವ!"

"ನೀನು ಎಂತ ಕಾಣುವುದು?"

ಬೀದಿಗೆ ಕೇಳುವಷ್ಟು ಜೋರು. ಹಾಲಿನಲ್ಲಿ ತಹಸೀಲ್ದಾರರು ಪತ್ರಿಕೆ ಬಿಚ್ಚಿದ ಸದ್ದಾಯಿತು. ಅವರಿಬ್ಬರು ಜಗಳಾಡಿ ಆರು ತಿಂಗಳಾಗಿತ್ತು.